ಅರವತ್ತಮೂರನೇ ನಂಬರಿನ ಮೊದಲ ಅಧ್ಯಾಯ

ಪ್ರಕಾಶನದ ಕಚೇರಿಯಲ್ಲಿ ಎಲ್ಲರೂ ಬೆನ್ನ ಹಿಂದೆ ಅವಳನ್ನು ಕೆಂಪಿಂಕು ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷಗಳಿಂದ ಅಲ್ಲಿ ಕರಡು ತಿದ್ದುತ್ತಿದ್ದ ಅವಳಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇರುವುದೂ ರೂಢಿಯಾಗಿತ್ತು. ಮೆಟ್ಟಿಲು ಹತ್ತಿ ಬರುವ ಲೇಖಕರು ಮೊದಲು ಇಣುಕಿ ನೋಡುತ್ತಿದ್ದುದು ಅವಳ ಕುರ್ಚಿಯನ್ನು. ಖಾಲಿಯಿದ್ದರೆ ನಿರಾಳ. ಅವಳು ಕೂತಿದ್ದರೆ, ಬಂದ ಕೆಲಸ ನಾಳೆಗೂ ಆದೀತು ಎಂದು ಹಾಗೇ ಇಳಿದುಹೋದವರೂ ಉಂಟು.

ಆ ವರ್ಷ ಯಜಮಾನರಿಗೆ ಹೊಸದೊಂದು ಹುಚ್ಚು ಹಿಡಿಯಿತು: ಕಾದಂಬರಿಯ ಮೊದಲ ಅಧ್ಯಾಯಗಳ ಸ್ಪರ್ಧೆ. ಪೂರ್ತಿ ಕಾದಂಬರಿ ಬೇಡ, ಇಪ್ಪತ್ತು ಪುಟ ಮೀರದ ಮೊದಲ ಅಧ್ಯಾಯ ಕಳಿಸಿದರೆ ಸಾಕು. ಗೆದ್ದವರು ಮಿಕ್ಕಿದ್ದನ್ನು ಬರೆದು ಮುಗಿಸಬೇಕು, ಪ್ರಕಾಶನ ಅದನ್ನು ಅಚ್ಚು ಹಾಕುತ್ತದೆ. ಬರೆದವರ ಹೆಸರು ಬೇರೆ ಲಕೋಟೆಯಲ್ಲಿ, ಬಾಯಿ ಅಂಟಿಸಿ, ಯಜಮಾನರ ಬೀರುವಿನೊಳಗೆ. ಓದುವವರ ಕೈಗೆ ಬರೀ ನಂಬರು.

"ಇನ್ನೂರ ಹನ್ನೆರಡು ಬಂದಿವೆಯಮ್ಮ," ಎಂದು ಯಜಮಾನರು ಎರಡು ರಟ್ಟಿನ ಪೆಟ್ಟಿಗೆಗಳನ್ನು ಅವಳ ಮೇಜಿನ ಪಕ್ಕ ಇಡಿಸಿದರು. "ಹತ್ತಕ್ಕೆ ಇಳಿಸಿ ಕೊಡು. ಕೊನೇ ತೀರ್ಪು ವಿಮರ್ಶಕಿಯವರದ್ದು."

"ಇನ್ನೂರ ಹನ್ನೆರಡು ಜನ ಶುರು ಮಾಡಿದ್ದಾರೆ. ಮುಗಿಸೋ ಯೋಗ್ಯತೆ ಎಷ್ಟು ಜನಕ್ಕಿದೆಯೋ."

"ಅದಕ್ಕೇ ತಾನೆ ಶುರು ಮಾತ್ರ ಕೇಳಿದ್ದು?"

ಅವಳು ಓದಲು ಕೂತಳು. ನಲವತ್ತು ಅಧ್ಯಾಯಗಳು ನಾಯಕ ಹಾಸಿಗೆಯಿಂದ ಏಳುವುದರಿಂದ ಶುರುವಾಗುತ್ತಿದ್ದವು. ಅಂಥದ್ದರ ಅಂಚಿನಲ್ಲಿ 'ಎಬ್ಬಿಸಬೇಡಿ, ಮಲಗಿರಲಿ' ಎಂದು ಬರೆದು ಪಕ್ಕಕ್ಕೆ ಎಸೆದಳು. ಒಬ್ಬರು ನಾಲ್ಕು ಪುಟ ನಾಯಿಯೊಂದನ್ನು ವರ್ಣಿಸಿದ್ದರು, ನಾಯಿ ಕೊನೆಗೂ ಬೊಗಳಲಿಲ್ಲ. ಇನ್ನೊಬ್ಬರ ನಾಯಕಿ ಒಂದೇ ಪುಟದಲ್ಲಿ ಹನ್ನೊಂದು ಸಲ ನಿಟ್ಟುಸಿರು ಬಿಟ್ಟಿದ್ದಳು. 'ವೈದ್ಯರಿಗೆ ತೋರಿಸಿ.' ಅಕ್ಕಪಕ್ಕದ ಮೇಜಿನವರು ಅವಳು ಮುಖ ಸಿಂಡರಿಸಿದಾಗಲೆಲ್ಲ ಒಬ್ಬರಿಗೊಬ್ಬರು ಕಣ್ಣು ಹೊಡೆಯುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನ ಅರವತ್ತಮೂರನೇ ನಂಬರು ಕೈಗೆ ಬಂತು. ಅಚ್ಚುಕಟ್ಟಾಗಿ ಟೈಪ್ ಮಾಡಿದ ಹದಿನೇಳು ಪುಟ. ಮೊದಲ ಸಾಲು ಹೀಗಿತ್ತು: 'ಆ ಕಾಗದವನ್ನು ನಾನು ಎಡಗೈಯಲ್ಲಿ ಬರೆದೆ. ಬರೆಯುವ ಮುಂಚೆ ಬಾಗಿಲ ಚಿಲಕ ಹಾಕಿದೆಯೇ ಎಂದು ಎರಡು ಸಲ ನೋಡಿದೆ.'

ಪರವಾಗಿಲ್ಲವೇ ಎಂದುಕೊಂಡು ಅವಳು ಪುಟ ತಿರುಗಿಸಿದಳು. ಎರಡನೇ ಪುಟದ ನಡುವೆ ಆ ಕಾಗದವಿತ್ತು, ಪೂರ್ತಿ.

'ಹುಡುಗಿಗೆ ಮೂರ್ಛೆ ರೋಗವಿದೆ. ಬಿದ್ದರೆ ಬಾಯಲ್ಲಿ ನೊರೆ ಬರುತ್ತದೆ. ಮನೆಯವರು ಮುಚ್ಚಿಟ್ಟಿದ್ದಾರೆ. ನಿಮ್ಮ ವಂಶ ನಿಮ್ಮ ಕೈಯಲ್ಲಿ. ಇಂತಿ, ನಿಮ್ಮ ಹಿತ ಬಯಸುವವರು.'

ಅವಳು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ಓದಿದಳು. ಒಂದಕ್ಷರ ಆಚೀಚೆ ಇರಲಿಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ಗಂಡಿನ ತಂದೆ ಇವಳ ಮನೆಯ ನಡುಮನೆಯಲ್ಲಿ ನಿಂತು ಅಪ್ಪನ ಮುಖದ ಮೇಲೆ ಎಸೆದು ಹೋದ ಕಾಗದ ಇದೇ. ಅವಳ ನಿಶ್ಚಿತಾರ್ಥ ಮುಗಿದು, ಮದುವೆಗೆ ಹನ್ನೆರಡು ದಿನ ಉಳಿದಿತ್ತು. ಅಪ್ಪ ಡಾಕ್ಟರ ಸರ್ಟಿಫಿಕೇಟು ಹಿಡಿದುಕೊಂಡು ಅವರ ಬಾಗಿಲಿಗೆ ಮೂರು ಸಲ ಹೋದರು. ಮೂರು ಸಲವೂ ಬಾಗಿಲು ತೆರೆಯಲಿಲ್ಲ. ಸುದ್ದಿ ಊರೆಲ್ಲ ಸುತ್ತಿತು. ಆಮೇಲೆ ಬಂದ ಎರಡು ಸಂಬಂಧಗಳೂ ಅದೇ ಮಾತಿಗೆ ತಪ್ಪಿಹೋದವು. ಮೂರನೆಯದನ್ನು ನೋಡಲು ಅವಳೇ ಒಪ್ಪಲಿಲ್ಲ.

ಕಾಗದ ಬರೆದವರು ಯಾರು ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಂದಿನ ಆ ಕಾಗದದಲ್ಲಿ ಅಕ್ಷರಗಳು ಎಡಕ್ಕೆ ವಾಲಿಕೊಂಡು ಬಿದ್ದಿದ್ದವು. ಮನೆಯಲ್ಲಿ ಎಡಗೈಯಲ್ಲಿ ಬರೆಯುತ್ತಿದ್ದವಳು ತಂಗಿ ಒಬ್ಬಳೇ. ಕಾಗದ ಬರುವುದಕ್ಕೆ ಮೂರು ದಿನ ಮುಂಚೆ ಅಕ್ಕತಂಗಿಯರು ಯಾವುದೋ ಕ್ಷುಲ್ಲಕ ವಿಷಯಕ್ಕೆ ಕಚ್ಚಾಡಿದ್ದರು. "ನಿನ್ನ ಮದುವೆ ಅದು ಹೇಗಾಗುತ್ತೋ ನಾನೂ ನೋಡ್ತೀನಿ" ಎಂದು ತಂಗಿ ಸೂರು ಹಾರಿಹೋಗುವಂತೆ ಕೂಗಿದ್ದಳು. ಅಷ್ಟು ಸಾಕಿತ್ತು. ಅಪ್ಪ ತಂಗಿಯ ಜೊತೆ ಮಾತು ಬಿಟ್ಟರು. ಅಮ್ಮ ಸಾಯುವ ತನಕ ಅವಳ ಕೈಯಿಂದ ಒಂದು ಲೋಟ ನೀರು ಇಸಿದುಕೊಳ್ಳಲಿಲ್ಲ. ನೆಂಟರ ಮನೆಗಳಿಗೆಲ್ಲ ಅಕ್ಕನೇ ಖುದ್ದಾಗಿ ಹೋಗಿ, ಇಂಥವಳು ಇಂಥ ಕೆಲಸ ಮಾಡಿದಳು ಎಂದು ಹೇಳಿ ಬಂದಿದ್ದಳು.

ಈಗ ಆ ಕೈಯೇ ಕಾದಂಬರಿ ಬರೆಯಲು ಹೊರಟಿದೆ! ಮಾಡಿದ್ದು ಸಾಲದು ಎಂದು ಅದಕ್ಕೆ ಬಹುಮಾನ ಬೇರೆ ಬೇಕಂತೆ!

ಅಧ್ಯಾಯದಲ್ಲಿ ಕಾಗದ ಬರೆದವರು ಅಂಚೆ ಡಬ್ಬಿಯ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ, ಕೊನೆಗೆ ಹಾಕುತ್ತಾರೆ. ಯಾಕೆ ಬರೆದರು ಎಂಬುದನ್ನು ಹೇಳುವ ಮುಂಚೆಯೇ ಅಧ್ಯಾಯ ನಿಂತುಹೋಗಿತ್ತು. ಅವಳು ಮೊದಲ ಪುಟದ ಮೇಲೆ ಅಡ್ಡಡ್ಡವಾಗಿ, ಕಾಗದ ಹರಿಯುವಷ್ಟು ಒತ್ತಿ, 'ತಿರಸ್ಕೃತ' ಎಂದು ಬರೆದಳು. ಆಮೇಲೆ ನಿಯಮವನ್ನೆಲ್ಲ ಗಾಳಿಗೆ ತೂರಿ ಹದಿನೇಳು ಪುಟಗಳನ್ನೂ ಚೀಲಕ್ಕೆ ತುರುಕಿಕೊಂಡು ಎದ್ದಳು.

ತಂಗಿಯದು ಕಿಟಕಿ ಪರದೆ ಹೊಲಿದುಕೊಡುವ ಅಂಗಡಿ. ದೊಡ್ಡ ಕಟ್ಟಡವೊಂದರ ನೆಲಮಾಳಿಗೆಯಲ್ಲಿ, ಕೊಡೆ ರಿಪೇರಿಯವನ ಪಕ್ಕದಲ್ಲಿತ್ತು. ಅಮ್ಮನ ಸಾವಿನ ದಿನದ ನಂತರ ಒಂಬತ್ತು ವರ್ಷ ಇಬ್ಬರೂ ಮುಖ ನೋಡಿರಲಿಲ್ಲ. ತಂಗಿ ಉದ್ದದ ಮೇಜಿನ ಮೇಲೆ ಬೂದು ಬಣ್ಣದ ಬಟ್ಟೆ ಹರಡಿಕೊಂಡು, ಎಡಗೈಯವರಿಗೆಂದೇ ಮಾಡಿದ ದೊಡ್ಡ ಕತ್ತರಿಯಲ್ಲಿ ಸರ್ರೆಂದು ಕತ್ತರಿಸುತ್ತಿದ್ದಳು. ತಲೆಯೆತ್ತಿದಳು. ಕತ್ತರಿ ನಿಲ್ಲಲಿಲ್ಲ.

"ಪರದೆ ಬೇಕಾಗಿತ್ತಾ?"

"ನಾಚಿಕೆ ಆಗಲ್ವಾ ನಿಂಗೆ?" ಅಕ್ಕ ಹಾಳೆಗಳನ್ನು ಬಟ್ಟೆಯ ಮೇಲೆ ಬಡಿದಳು. "ನನ್ನ ಬಾಳು ಹಾಳು ಮಾಡಿದ್ದು ಸಾಲ್ದು ಅಂತ ಅದನ್ನ ಪುಸ್ತಕ ಮಾಡೋಕೆ ಹೊರಟಿದ್ದೀಯಾ? ಅದೂ ನಾನು ಕೆಲಸ ಮಾಡೋ ಕಡೆಗೇ ಕಳಿಸಿ?"

ತಂಗಿ ಕತ್ತರಿ ಇಟ್ಟು, ಕೊರಳಿಗೆ ನೇತುಹಾಕಿಕೊಂಡಿದ್ದ ಕನ್ನಡಕ ಏರಿಸಿದಳು. ನಿಂತುಕೊಂಡೇ ಓದಿದಳು. ಕಾಗದದ ಪುಟಕ್ಕೆ ಬಂದಾಗ ಅವಳ ದವಡೆ ಬಿಗಿದುಕೊಂಡಿತು. ಅಷ್ಟು ಬಿಟ್ಟರೆ ಮುಖದಲ್ಲಿ ಏನೂ ಇರಲಿಲ್ಲ. ನಾಲ್ಕು ಪುಟ ಓದಿ ಹಾಳೆ ಕೆಳಗಿಟ್ಟಳು.

"ಯಾರೋ ಚೆನ್ನಾಗೇ ಬರೆದಿದ್ದಾರೆ."

"ನಾಟಕ ಬೇಡ. ಎಡಗೈಲಿ ಬರೆದೆ ಅಂತ ಮೊದಲ್ನೇ ಸಾಲಲ್ಲೇ ಒಪ್ಕೊಂಡಿದ್ದೀಯಲ್ಲ!"

ತಂಗಿ ನಕ್ಕಳು. ಆ ನಗುವಿಗಿಂತ ಕೆನ್ನೆಗೆ ಎರಡು ಬಾರಿಸಿದ್ದರೇ ವಾಸಿಯಿತ್ತು.

"ಹತ್ತೊಂಬತ್ತು ವರ್ಷದಿಂದ ಬೇರೆಯವರ ತಪ್ಪು ಹುಡುಕ್ತಿದ್ದೀಯಂತೆ. ಇದು ಕಾಣಿಸ್ಲಿಲ್ವಾ? ಎಡಚಿ ಯಾರಾದ್ರೂ 'ಎಡಗೈಯಲ್ಲಿ ಬರೆದೆ' ಅಂತ ಬರೀತಾರೇನೆ? ನೀನು ಜೀವಮಾನದಲ್ಲಿ ಯಾವತ್ತಾದ್ರೂ 'ಬಲಗೈಯಲ್ಲಿ ಬರೆದೆ' ಅಂತ ಬರೆದಿದ್ದೀಯಾ? ನಂಗೆ ಅದು ಎಡಗೈ ಅಲ್ಲ, ಬರೀ ಕೈ. ಇದನ್ನ ಬರೆದೋರು ಬಲಗೈಯವರು. ಅಕ್ಷರ ಗುರುತು ಸಿಗಬಾರ್ದು ಅಂತ ಕೈ ಬದಲಾಯಿಸಿದ್ದಾರೆ."

ಅಕ್ಕ ಮೊದಲ ಹಾಳೆಯನ್ನು ತನ್ನತ್ತ ಎಳೆದುಕೊಂಡಳು. ಮೊದಲ ಸಾಲು ಕಣ್ಣ ಮುಂದೆಯೇ ಇತ್ತು. ಎಷ್ಟು ಸಲ ಓದಿದರೂ ತಂಗಿ ಹೇಳಿದ ಅರ್ಥವನ್ನೇ ಹೇಳುತ್ತಿತ್ತು.

"ಮತ್ತೆ... ಯಾರು?"

"ಅದು ನಿನ್ನ ತಲೆನೋವು. ನಾನು ಅಲ್ಲ ಅಂತ ಇಪ್ಪತ್ತೆರಡು ವರ್ಷದ ಹಿಂದೆ ನಿನ್ನ ಕಾಲು ಹಿಡ್ಕೊಂಡು ಹೇಳಿದ್ದೆ. ಕಾಲು ಒದರಿ ಹೋದೆ. ಈಗ ಬಟ್ಟೆ ಮೇಲಿಂದ ನಿನ್ನ ಕಾಗದ ತೆಗಿ. ಗಿರಾಕಿಗೆ ಸಾಯಂಕಾಲದೊಳಗೆ ಕೊಡಬೇಕು."

ಕೊಡೆ ರಿಪೇರಿಯವನು ಕೆಲಸ ಬಿಟ್ಟು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದ. ಅವನ ಮುಂದೆಯೇ ಹಾಳೆಗಳನ್ನು ಬಾಚಿಕೊಂಡು ಅವಳು ಮೆಟ್ಟಿಲು ಹತ್ತಿದಳು.

ಆ ವಾರ ಅವಳಿಗೆ ಊಟ ರುಚಿಸಲಿಲ್ಲ. ಕಾಗದದ ಒಕ್ಕಣೆಯನ್ನು ಕಂಡವರು ಯಾರ್ಯಾರು? ಅಪ್ಪ, ಅಮ್ಮ, ತಾನು, ತಂಗಿ. ಗಂಡಿನ ಮನೆಯವರು. ಅಪ್ಪ ಅದನ್ನು ಅದೇ ದಿನ ಒಲೆಗೆ ಹಾಕಿದ್ದರು. ಬೀರುವಿನ ಬೀಗದ ಕೈ ಯಜಮಾನರ ಸೊಂಟದಲ್ಲಿ. ಕೇಳಿದರೆ ಕೊಡುವ ಆಸಾಮಿಯಲ್ಲ. ಬರೆದವರ ಮುಖ ನೋಡಬೇಕೆಂದರೆ ಇದ್ದದ್ದು ಒಂದೇ ದಾರಿ, ಅರವತ್ತಮೂರನ್ನು ಗೆಲ್ಲಿಸಬೇಕು. ಅವಳು 'ತಿರಸ್ಕೃತ' ಎಂಬುದರ ಮೇಲೆ ಗೀಟು ಎಳೆದು ಪಕ್ಕದಲ್ಲಿ 'ಅಂತಿಮ ಸುತ್ತಿಗೆ' ಎಂದು ಬರೆದಳು. ತಾನು ಬರೆದ ಕೆಂಪಕ್ಷರವನ್ನು ತಾನೇ ಹೊಡೆದುಹಾಕಿದ್ದು ಅದೇ ಮೊದಲು. ಸಾಲದೆಂದು ಮಿಕ್ಕ ಒಂಬತ್ತನ್ನು ಆರಿಸುವಾಗ ಸಾಧಾರಣವಾದವನ್ನೇ ಹುಡುಕಿ ಹಾಕಿದಳು. ಬೊಗಳದ ನಾಯಿಗೂ ಜಾಗ ಸಿಕ್ಕಿತು. ಕೆಲಸಕ್ಕೆ ಸೇರಿದ ಮೇಲೆ ಅವಳು ಮಾಡಿದ ಮೊದಲ ಮೋಸ ಅದು. ಅದಕ್ಕೆ ಮಾತ್ರ ಅವಳಿಗೆ ನಿಜಕ್ಕೂ ಕಸಿವಿಸಿಯಾಯಿತು.

ಅವಳು ಎಣಿಸಿದಂತೆಯೇ ವಿಮರ್ಶಕಿ ಅರವತ್ತಮೂರನ್ನು ಎತ್ತಿ ಹಿಡಿದರು. ಯಜಮಾನರು ಕಚೇರಿಯವರನ್ನೆಲ್ಲ ಕರೆದು, ಚಹಾ ತರಿಸಿ, ಲಕೋಟೆ ಒಡೆದರು. ಹೆಸರು ಓದಿದರು. "ಸರ್ವೇಯರ್ ಅಂತೆ. ಜಮೀನು ಅಳೆಯೋರು. ನೋಡಿ, ಎಂಥೆಂಥವರ ಒಳಗೆ ಏನೇನಿರುತ್ತೆ!"

ಆ ಹೆಸರು ಒಮ್ಮೆ ಅವಳ ಹೆಸರಿನ ಪಕ್ಕದಲ್ಲಿ ಅಚ್ಚಾಗಿತ್ತು. ಲಗ್ನಪತ್ರಿಕೆಯ ಕರಡನ್ನು ಅಪ್ಪ ಅವಳ ಕೈಲೇ ನೋಡಿಸಿದ್ದರು. ಅವಳು ತಿದ್ದಿದ ಮೊದಲ ಕರಡು ಅದು. ಬರೆದವನು ಅವಳನ್ನು ಮದುವೆಯಾಗಬೇಕಿದ್ದ ಗಂಡು.

ಕಾಗದ ತನ್ನ ಮನೆಗೇ ತಾನೇ ಬರೆದುಕೊಂಡಿದ್ದ.

ನಾಲ್ಕು ದಿನ ಬಿಟ್ಟು ಅವನು ಕಚೇರಿಗೆ ಬಂದ. ತಿದ್ದುಪಡಿಗಳ ಬಗ್ಗೆ ಮಾತಾಡಿ ಎಂದು ಯಜಮಾನರು ಅವನನ್ನು ಅವಳ ಮೇಜಿನ ಮುಂದೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ಕೂದಲು ಹಿಂದಕ್ಕೆ ಸರಿದಿತ್ತು, ಹೊಟ್ಟೆ ಮುಂದಕ್ಕೆ ಬಂದಿತ್ತು. ದನಿ ಮಾತ್ರ ಅದೇ, ಕ್ಷಮೆ ಕೇಳುತ್ತಿರುವಂಥ ದನಿ. ಅವಳನ್ನು ನೋಡಿ ಕೈ ಮುಗಿದ. ಗುರುತು ಹಿಡಿಯಲಿಲ್ಲ.

"ಅಲ್ಪವಿರಾಮ ಜಾಸ್ತಿ ಆಗಿದೆಯಾ ಮೇಡಂ? ನಂಗೆ ಆ ಅಭ್ಯಾಸ ಇದೆ."

"ಅದು ಆಮೇಲೆ. ಎರಡನೇ ಅಧ್ಯಾಯದಲ್ಲಿ ಏನಾಗುತ್ತೆ?"

ಅವನ ಮುಖ ಅರಳಿತು. "ಅಲ್ಲಿಂದಲೇ ಅಸಲಿ ಕಥೆ. ಕಾಗದ ಬರೆದವನು ಮದುವೆ ಗಂಡೇ ಅಂತ ಗೊತ್ತಾಗುತ್ತೆ. ಅವನಿಗೆ ಮದುವೆ ಇಷ್ಟ ಇಲ್ಲ, ಅಪ್ಪನ ಎದುರು ಬಾಯಿ ಬಿಡೋ ಧೈರ್ಯ ಇಲ್ಲ. ಆ ಪಾಪಪ್ರಜ್ಞೆ ಅವನನ್ನ ಜೀವಮಾನವಿಡೀ ಕಾಡುತ್ತೆ. ತುಂಬಾ ಸೂಕ್ಷ್ಮ ಮನಸ್ಸಿನ ಮನುಷ್ಯ ಅವನು."

"ಆ ಹುಡುಗಿ?"

"ಯಾವ ಹುಡುಗಿ?"

"ನೊರೆ ಕಾರೋ ಹುಡುಗಿ."

"ಓ, ಅವಳಾ... ಅವಳು ಆಮೇಲೆ ಕಥೇಲಿ ಬರಲ್ಲ ಮೇಡಂ." ಅವನು ಸ್ವಲ್ಪ ಯೋಚಿಸಿದ. "ಬೇರೆ ಎಲ್ಲೋ ಮದುವೆ ಆಗಿರುತ್ತೆ ಬಿಡಿ."

"ಮೂರ್ಛೆ ರೋಗ ಎಲ್ಲಿಂದ ಬಂತು?"

"ಎರಡೂ ಮನೆಯವರು ಸೇರಿ ಸಿನಿಮಾಕ್ಕೆ ಹೋಗಿರ್ತಾರೆ. ಸೆಖೆಗೆ ಹುಡುಗಿ ತಲೆ ಸುತ್ತಿ ಕೂರ್ತಾಳೆ. ಅದನ್ನೇ ಅವನು ಸ್ವಲ್ಪ ಬೆಳೆಸ್ತಾನೆ."

"ನೀರು ತಂದುಕೊಟ್ಟಿದ್ದು ನೀವೇ," ಎಂದಳು ಅವಳು. "ಕುಡೀರಿ, ಹೆದರ್ಬೇಡಿ ಅಂದಿದ್ರಿ. ಬೇರೆ ಎಲ್ಲೂ ಮದುವೆ ಆಗ್ಲಿಲ್ಲ. ನೀವು ಬೆಳೆಸಿದ್ದು ಅಷ್ಟು ಚೆನ್ನಾಗಿ ಬೆಳೀತು."

ಅವನು ಅವಳನ್ನು ದಿಟ್ಟಿಸಿದ. ಮುಖದ ರಕ್ತವೆಲ್ಲ ಇಳಿದುಹೋಗುವುದು ಕಾಣಿಸಿತು. ಯಜಮಾನರು ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದರು.

"ಮೇಡಂ, ಇದು... ಇದು ಕಥೆ."

"ಕಾಗದ ಕಥೆಯಲ್ಲ. ಒಂದಕ್ಷರ ಬದಲಾಯಿಸಿಲ್ಲ ನೀವು. ಅಷ್ಟು ಸೋಮಾರಿತನ."

"ಅಮ್ಮಾ," ಯಜಮಾನರು ಬಾಯಿ ಹಾಕಿದರು, "ಹಳೇದನ್ನೆಲ್ಲ ಈಗ ಯಾಕೆ... ಶನಿವಾರ ಸಮಾರಂಭ ಇದೆ."

"ಇರಲಿ. ಇವರ ಹೆಂಡತಿ ಮಕ್ಕಳೂ ಬರ್ತಾರಲ್ವಾ? ನಾನೂ ಬರ್ತೀನಿ. ಇವರು ಹಾರ ಹಾಕಿಸ್ಕೊಂಡ ಮೇಲೆ ಎದ್ದು ನಿಂತು ಎರಡು ಮಾತಾಡ್ತೀನಿ." ಅವಳು ಬಿಳಿ ಹಾಳೆಯೊಂದನ್ನು ಅವನ ಮುಂದೆ ತಳ್ಳಿ, ತನ್ನ ಪೆನ್ನನ್ನೇ ಅದರ ಮೇಲಿಟ್ಟಳು. "ಇಲ್ಲ ಅಂದ್ರೆ ಈಗ ಬರೀರಿ. ಆ ಕಾಗದ ಬರೆದಿದ್ದು ನಾನು, ಹುಡುಗಿಯ ತಂಗಿ ಅಲ್ಲ ಅಂತ. ಬಲಗೈಲಿ."

"ತಂಗಿನಾ? ಅವರು ಎಲ್ಲಿಂದ ಬಂದ್ರು ಇದರಲ್ಲಿ?"

ತಾನು ಆಡಿದ ಆಟಕ್ಕೆ ಇನ್ನೊಂದು ಮನೆಯಲ್ಲಿ ಯಾರು ಶಿಕ್ಷೆ ಉಂಡರು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಅವಳು ಹೇಳಲಿಲ್ಲ. ಹೇಳಹೊರಟರೆ ಅರ್ಧ ಭಾಗ ತನ್ನದೇ ಕಥೆಯಾಗುತ್ತದೆ ಎಂದು ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಿತು.

ಅವನು ಬರೆದ. ಮೂರು ಸಾಲು. ಬೆವರು ಒರೆಸಿಕೊಂಡು ಮೆಲ್ಲಗೆ ಕೇಳಿದ, "ಸಹಿ ಬೇಕೇ ಬೇಕಾ?"

"ಈ ಸಲ ಬೇಕು."

ಅವನು ಸಹಿ ಹಾಕಿ ಎದ್ದು ಹೋದ. ಮರುದಿನ ಆರೋಗ್ಯ ಸರಿಯಿಲ್ಲ, ಸ್ಪರ್ಧೆಯಿಂದ ಹಿಂದೆ ಸರಿಯುತ್ತೇನೆ ಎಂದು ಫೋನು ಬಂತು. ಬಹುಮಾನ ಎರಡನೆಯವರ ಪಾಲಾಯಿತು. ಯಜಮಾನರು ವಾರಗಟ್ಟಲೆ ಗಂಟು ಮುಖ ಹಾಕಿಕೊಂಡಿದ್ದರು.

"ನಿನ್ನಿಂದ ಒಂದೊಳ್ಳೆ ಕಾದಂಬರಿ ಹೋಯ್ತಮ್ಮ."

"ಹೋಗ್ಲಿ ಬಿಡಿ," ಎಂದಳು. "ಅಲ್ಪವಿರಾಮ ತೆಗೆಯೋ ಕೆಲಸ ತಪ್ಪಿತು."

ಆದರೆ ಆ ಮಾತಿಗೆ ಮುಂಚೆ, ಅವನು ಸಹಿ ಹಾಕಿದ ಸಂಜೆಯೇ, ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿಕೊಂಡು ನೆಲಮಾಳಿಗೆಗೆ ಹೋಗಿದ್ದಳು. ದಾರಿಯುದ್ದಕ್ಕೂ ತಂಗಿ ಅಳಬಹುದು, ತಾನೂ ಅಳಬಹುದು ಎಂದುಕೊಂಡಿದ್ದಳು. ಚೀಲದಲ್ಲಿ ಕರವಸ್ತ್ರ ಇದೆಯೇ ಎಂದೂ ನೋಡಿಕೊಂಡಿದ್ದಳು.

ತಂಗಿ ಮಿಷನ್ನಿನ ಮುಂದೆ ಕೂತಿದ್ದಳು. ಕಾಗದ ಬಿಡಿಸಿ ಓದಿ, ಮಡಿಕೆಯ ಗೆರೆಗಳಲ್ಲೇ ಮತ್ತೆ ಮಡಿಸಿ ವಾಪಸು ಚಾಚಿದಳು.

"ನಂಗ್ಯಾಕೆ ಇದು? ನಾನು ಬರೆದಿಲ್ಲ ಅನ್ನೋದು ನಂಗೆ ಹೊಸ ಸುದ್ದಿಯಾ?"

"ತಪ್ಪಾಯ್ತು ಕಣೇ."

"ಆಯ್ತು."

"ಅಷ್ಟೇನಾ?"

"ಇನ್ನೇನು ಬೇಕು ನಿಂಗೆ? ತಬ್ಕೊಂಡು ಅಳ್ಬೇಕಾ?" ಮಿಷನ್ನು ಒಂದು ಹೊಲಿಗೆ ಓಡಿ ನಿಂತಿತು. "ಅಮ್ಮನ ಕೊನೇ ದಿನ ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ದೆ ನಾನು. ನನ್ನ ನೋಡಿ ಗೋಡೆ ಕಡೆ ತಿರುಗಿಕೊಂಡ್ಲು. ನೀನು ಪಕ್ಕದಲ್ಲೇ ಕೂತಿದ್ದೆ. ಕರೀಲಿಲ್ಲ. ಅದಕ್ಕೆ ಯಾವ ಸರ್ವೇಯರ್ ಹತ್ರ ಸಹಿ ಹಾಕಿಸ್ಕೊಂಡು ಬರ್ತೀಯಾ?"

ಅಕ್ಕ ಕಾಗದವನ್ನು ಚೀಲಕ್ಕೆ ಹಾಕಿಕೊಂಡಳು. ಕಾಗದ ಬರೆದವನು ಅವನು. ಆದರೆ ತಂಗಿಯ ಹೆಸರನ್ನು ಮನೆಮನೆಗೆ ಹಂಚಿದ್ದು ತಾನು.

"ಏನು ಮಾಡ್ಲಿ ಹೇಳು," ಎಂದಳು ಕೊನೆಗೆ.

ತಂಗಿ ಮೊದಲ ಸಲ ಅವಳತ್ತ ಪೂರ್ತಿ ತಿರುಗಿದಳು. "ಆವಾಗ ಯಾರ್ಯಾರ ಮನೆಗೆ ಹೋಗಿ ಹೇಳಿದ್ಯೋ, ಅವರೆಲ್ಲರ ಮನೆಗೂ ಹೋಗು. ಫೋನಲ್ಲಲ್ಲ. ಹೋಗಿ, ಕೂತು, ನಾನು ಸುಳ್ಳು ಹೇಳಿದ್ದೆ ಅಂತ ಹೇಳು. ದೊಡ್ಡಮ್ಮ, ಸೋದರಮಾವ, ಇಬ್ರು ಚಿಕ್ಕಪ್ಪಂದಿರು, ಅತ್ತೆ, ನಮ್ಮ ಹಳೇ ಮನೆ ಓನರಮ್ಮ, ನನ್ನ ಸ್ಕೂಲ್ ಟೀಚರ್. ಹೌದು, ಅವರಿಗೂ ಹೇಳಿದ್ದೆ ನೀನು. ಎಲ್ಲ ಮುಗಿಸಿ ಬಾ. ಆಮೇಲೆ ನಿನ್ನ ಜೊತೆ ಮಾತಾಡ್ಬೇಕೋ ಬೇಡ್ವೋ ಅಂತ ಯೋಚ್ನೆ ಮಾಡ್ತೀನಿ. ಮಾತು ಕೊಡ್ತಿಲ್ಲ, ಯೋಚ್ನೆ ಮಾಡ್ತೀನಿ ಅಂದೆ."

ಮುಂದಿನ ಭಾನುವಾರ ಬೆಳಿಗ್ಗೆ ಅವಳು ದೊಡ್ಡಮ್ಮನ ಮನೆಗೆ ಹೋದಳು. ಎಂಬತ್ತಮೂರರ ದೊಡ್ಡಮ್ಮ ಎರಡನೇ ಮಹಡಿಯಲ್ಲಿ ಒಬ್ಬರೇ ಇದ್ದರು. ಕಿವಿ ಪೂರ್ತಿ ಮಂದ. ಕಿವಿಯ ಯಂತ್ರ ಮೇಜಿನ ಮೇಲೆ ಧೂಳು ತಿನ್ನುತ್ತಿತ್ತು. ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಬ್ಬರೂ ಕೂತರು. ಅವಳು ರಾತ್ರಿಯಿಡೀ ಜೋಡಿಸಿಟ್ಟುಕೊಂಡಿದ್ದ ಮಾತನ್ನು ಮೆಲ್ಲಗೆ ಶುರುಮಾಡಿದಳು.

"ಏನು?" ಎಂದರು ದೊಡ್ಡಮ್ಮ.

"ತಂಗಿ ಬರೆದಿಲ್ಲ, ದೊಡ್ಡಮ್ಮ."

"ಬರೆದಿಲ್ವಾ? ಯಾವ ಪರೀಕ್ಷೆ?"

"ಪರೀಕ್ಷೆ ಅಲ್ಲ! ಕಾಗದ! ನನ್ನ ಮದುವೆ ಮುರೀತಲ್ಲ, ಆ ಕಾಗದ! ಅವಳು ಬರೀಲಿಲ್ಲ!"

"ಯಾರು?"

"ತಂಗಿ! ನಾನೇ ಅವಳ ಮೇಲೆ ಸುಳ್ಳು ಹೇಳಿದ್ದೆ! ನಿಮ್ಮನೇಗೆ ಬಂದು ಹೇಳಿದ್ದೆ!"

ದೊಡ್ಡಮ್ಮ ಅಂಗೈಯನ್ನು ಕಿವಿಗೆ ಕಹಳೆಯಂತೆ ಹಿಡಿದು, ಇನ್ನೂ ಜೋರಾಗಿ ಹೇಳು ಎಂದು ತಲೆಯಾಡಿಸಿದರು. ಅವಳು ಎದ್ದು ನಿಂತು, ದೊಡ್ಡಮ್ಮನ ಕಿವಿಯ ಹತ್ತಿರ ಬಾಗಿ, ಗಂಟಲು ಹರಿಯುವ ಹಾಗೆ ಮತ್ತೆ ಮೊದಲಿಂದ ಕೂಗಿದಳು. ಎದುರು ಕಟ್ಟಡದ ಕಿಟಕಿಯೊಂದು ತೆರೆಯಿತು. ಕೆಳಗೆ ರಸ್ತೆಯಲ್ಲಿ ಸೈಕಲ್ ಒರೆಸುತ್ತಿದ್ದವನು ತಲೆಯೆತ್ತಿದ. ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, "ಏನಾಯ್ತು? ಯಾರು ಸುಳ್ಳು ಹೇಳಿದ್ದು?" ಎಂದು ಗಾಬರಿಯಿಂದ ಕೇಳಿದಳು.

"ನಾನು," ಎಂದಳು ಅವಳು, ಉಸಿರು ತೆಗೆದುಕೊಳ್ಳುತ್ತ. "ಬನ್ನಿ, ಒಳಗೆ ಬನ್ನಿ. ನೀವೂ ಕೂತ್ಕೊಳ್ಳಿ."